ಆಯಿಲ್ ದೀಪ ಆರುತ್ತಿಲ್ಲ, ಗಾಡಿ ಓಡಿಸಬಹುದೇ?

ಪ್ರಶ್ನೆ (ಗದಗ):
ಹುಬ್ಬಳ್ಳಿಯಿಂದ ಗದಗಕ್ಕೆ ಬರುವಾಗ, ಅಣ್ಣಿಗೇರಿ ದಾಟಿದ ಮೇಲೆ, ನಮ್ಮ ಹಳೆಯ ಪೆಟ್ರೋಲ್ ಕಾರಿನ ಕೆಂಪು ಆಯಿಲ್ ದೀಪ ಹೊತ್ತಿಕೊಂಡಿತು; ಆಮೇಲೆ ಆರಲೇ ಇಲ್ಲ. ಮನೆಗೆ ಬಂದು ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಎರಡು ಗುರುತುಗಳ ನಡುವೆಯೇ ಇದೆ. ಗ್ಯಾರೇಜಿನವರು ಗಾಡಿಯನ್ನು ನೋಡದೆಯೇ, ಸೆನ್ಸರ್ ಕೆಟ್ಟಿರಬೇಕು, ಓಡಿಸಿ ಎಂದರು. ನಂಬಬಹುದೇ?

ಉತ್ತರ (ಹುಬ್ಬಳ್ಳಿ):
ದಯವಿಟ್ಟು ಓಡಿಸಬೇಡಿ. ಆ ಕೆಂಪು ದೀಪ ತಿಳಿಸುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಮಟ್ಟ ಸರಿಯಿದ್ದರೂ ಪಂಪ್ ಸವೆದಿದ್ದರೆ, ಅಥವಾ ಸಂಪಿನೊಳಗಿನ (ಎಂಜಿನ್ ತಳದ ಆಯಿಲ್ ತೊಟ್ಟಿಯೊಳಗಿನ) ಜಾಲರಿ ಜಿಡ್ಡಿನಿಂದ ಕಟ್ಟಿಕೊಂಡಿದ್ದರೆ, ಬೇರಿಂಗುಗಳಿಗೆ ಆಯಿಲ್ ತಲುಪದೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಜಾಮ್ ಆಗಬಹುದು. ಗ್ಯಾರೇಜಿನವರ ಮಾತು ನಿಜವೂ ಆಗಿರಬಹುದು, ಅವರು ಸೆನ್ಸರ್ ಎಂದ ಪ್ರೆಶರ್ ಸ್ವಿಚ್ (ದೀಪ ಹೊತ್ತಿಸುವ ಸ್ವಿಚ್) ಕೆಡುವುದು ಅಪರೂಪವೇನಲ್ಲ; ಆದರೆ ಅದು ಊಹೆಯಿಂದ ಹೇಳುವ ಮಾತಲ್ಲ. ಪ್ರೆಶರ್ ಸ್ವಿಚ್ ಬಿಚ್ಚಿ, ಅದೇ ಜಾಗದಲ್ಲಿ ಒತ್ತಡ ಅಳೆಯುವ ಗೇಜ್ ಕೂರಿಸಿ, ಎಂಜಿನ್ ಬಿಸಿಯಾದ ಮೇಲೆ ತೋರುವ ಅಂಕಿಯನ್ನು ತಯಾರಕರ ಸರ್ವಿಸ್ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ ನೋಡಲು ಹೇಳಿ.

ಉತ್ತರ (ಹಾವೇರಿ):
ಒಂದು ವಿಷಯ ತಿಳಿಸಿ. ಆಕ್ಸಿಲರೇಟರ್ ಒತ್ತಿದಾಗ ದೀಪ ಆರಿ, ಐಡ್ಲಿಂಗಿಗೆ ಬಂದಾಗ ಮತ್ತೆ ಹೊತ್ತುತ್ತದೆಯೇ? ಹಾಗಿದ್ದರೆ ಆಯಿಲ್ ತೆಳುವಾಗಿರುವ ಅಥವಾ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ನನ್ನ ಕಾರಿನಲ್ಲಿ ಸ್ವಿಚ್ಚಿನ ತಂತಿಯ ಹೊದಿಕೆ ಸುಲಿದು ಎಂಜಿನ್ನಿಗೆ ತಾಗುತ್ತಿತ್ತು. ಟೇಪ್ ಸುತ್ತಿದ ಮೇಲೆ ದೀಪ ಆರಿತು, ಆದರೂ ಗೇಜ್ ಹಾಕಿಸಿ ನೋಡುವವರೆಗೆ ನನಗೆ ಸಮಾಧಾನವಾಗಲಿಲ್ಲ.

ಪ್ರಶ್ನೆ ಕೇಳಿದವರು:
ಎಷ್ಟೇ ಒತ್ತಿದರೂ ಆರುವುದಿಲ್ಲ. ನಾಳೆ ಟೋ ಮಾಡಿಸಿ, ಗೇಜ್ ಇರುವ ಬೇರೆ ಗ್ಯಾರೇಜಿಗೆ ಒಯ್ಯುತ್ತೇನೆ.