ಪಾಪ ಅರಿಕೆ ಮಾಡಿದ್ರೂ ಮನಸ್ಸು ಹಗುರ ಆಗ್ತಿಲ್ಲ, ಕರ್ತನ ಭೋಜನ ತಗೋಬಹುದಾ?

ಹುಬ್ಳಿ_ವಿಶ್ವಾಸಿ:
ಎಲ್ರಿಗೂ ಕರ್ತನ ನಾಮದಲ್ಲಿ ವಂದನೆ. ಅಪ್ಪ ತೀರಿಹೋದ್ಮೇಲೆ ನಮ್ಮ ಬಾಡಿಗೆ ಮನೆಗಳ ದುಡ್ಡೆಲ್ಲಾ ನಾನೇ ಇಟ್ಕೋತಿದೀನಿ, ತಂಗಿಗೆ ಏನೂ ಕೊಟ್ಟಿಲ್ಲ, ಅವಳೂ ಬಾಯಿಬಿಟ್ಟು ಕೇಳಿಲ್ಲ. ಮದುವೆಗೆ ಚಿನ್ನ ಹಾಕಿದೀವಲ್ಲ, ಅಲ್ಲಿಗೆ ಮುಗೀತು ಅಂತಾರೆ ಅಮ್ಮ. ಆದ್ರೆ ಚರ್ಚಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋಕೆ ಮುಂಚೆ ಅಯ್ಯನವರು (ಪಾಸ್ಟರ್) ನಿಮ್ಮನ್ನ ನೀವೇ ಪರೀಕ್ಷಿಸಿಕೊಳ್ಳಿ ಅಂದಾಗೆಲ್ಲ ನಂಗೆ ಇದೇ ನೆನಪಾಗುತ್ತೆ. ಬೈಬಲಲ್ಲಿ ಪಶ್ಚಾತ್ತಾಪದ 51ನೇ ಕೀರ್ತನೆ ಓದ್ಕೊಂಡು ಅಳ್ತೀನಿ, ಮನೆಗೆ ಬಂದ್ರೆ ಮತ್ತೆ ಅದೇ ಭಾರ. ದೇವರು ಕ್ಷಮಿಸಿಲ್ವಾ, ಇಲ್ಲ ನನ್ನ ನಂಬಿಕೇಲೇ ಕೊರತೆನಾ?

ಕೃಪೆ_ಸಾಕು:
ಬ್ರದರ್, 1 ಯೋಹಾನ 1:9 ಓದಿ. ಅರಿಕೆ ಮಾಡಿದ್ರೆ ಕ್ಷಮಿಸೋಕೆ ಆತ ನಂಬಿಗಸ್ತ. ಯೇಸುವಿನ ರಕ್ತ ತೊಳೆದಿದ್ದನ್ನ ಮತ್ತೆ ಮತ್ತೆ ಕೆದಕೋನು ಸೈತಾನ. ಉಪವಾಸ ಪ್ರಾರ್ಥನೆ ಮಾಡಿ, ಧೈರ್ಯವಾಗಿ ಭೋಜನ ತಗೊಳ್ಳಿ.

ಮಾರ್ಥಾ_ಆಂಟಿ:
ವಚನ ಸರಿ, ಆದ್ರೆ ಇಲ್ಲಿ ಸೈತಾನನ್ನ ಯಾಕೆ ತರ್ತೀರಪ್ಪಾ, ಪಕ್ಕದವರ ಪಾಲು ಜೇಬಲ್ಲಿಟ್ಕೊಂಡವನಿಗೆ ಮನಸ್ಸು ಚುಚ್ಚಿದ್ರೆ ಅದು ಪವಿತ್ರಾತ್ಮನ ಕೆಲಸ. ತಮ್ಮಾ, ಯಾಜಕಕಾಂಡ 6ನೇ ಅಧ್ಯಾಯ ತೆಗೆದು ನೋಡು. ಮೋಸದಿಂದ ತಗೊಂಡಿದ್ದನ್ನ ಪೂರ್ತಿ ವಾಪಸ್ ಕೊಡ್ಬೇಕು, ಅದರ ಮೇಲೆ ಐದರಲ್ಲೊಂದು ಭಾಗ ಸೇರಿಸಿ ಕೊಡ್ಬೇಕು, ಯಜ್ಞದ ಟಗರೂ ತರಬೇಕು, ಟಗರು ತಂದೆ ಅಂತ ಆ ದುಡ್ಡು ಮಾಫಿ ಆಗ್ತಿರಲಿಲ್ಲ. ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯನನ್ನೇ ನೋಡು, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಅವನು ಹಂಗಂದು ಕ್ಷಮೆ ಕೊಂಡ್ಕೊಳ್ಳಲಿಲ್ಲ, ಯೇಸು ತಾನಾಗೇ ಅವನ ಮನೆಗೆ ಬಂದಿದ್ದಕ್ಕೆ ಅವನ ಕೈ ಸಡಿಲವಾಯ್ತು. ನೀನು ದೇವರ ಹತ್ರ ಅತ್ತಿದೀಯ, ತಂಗಿ ಹತ್ರ ಒಂದು ಮಾತೂ ಆಡಿಲ್ಲ. ಮತ್ತಾಯ 5:23-24ರಲ್ಲಿ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ರ ಹೋಗು ಅಂತಲೇ ಇದೆಯಲ್ಲ.

ಇನ್ನೊಂದು, ಚಿನ್ನ ಹಾಕಿದೀವಿ ಅನ್ನೋ ಮಾತು ಕಾನೂನಲ್ಲೂ ನಿಲ್ಲಲ್ಲ. ನಮ್ಮ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಅಪ್ಪ ವಿಲ್ ಬರೆದಿಲ್ಲ ಅಂದ್ರೆ ಅಮ್ಮನಿಗೆ ಮೂರರಲ್ಲೊಂದು ಭಾಗ, ಉಳಿದಿದ್ದು ಮಕ್ಕಳಿಗೆ ಸಮಸಮ, ಹೆಣ್ಣು ಗಂಡು ಅಂತಿಲ್ಲ.

ಕುಡ್ಲ_ಕಥೊಲಿಕ್:
ನಮ್ಮಲ್ಲೂ ಇದೇ. ಕನ್ಫೆಷನ್‌ಗೆ ಹೋಗಿ ಕದ್ದಿದ್ದೀನಿ ಅಂದ್ರೆ ವಾಪಸ್ ಕೊಡ್ತೀಯಾ ಅಂತ ಫಾದರ್ ಕೇಳ್ತಾರೆ. ಕೊಡೋ ಮನಸ್ಸೇ ಇಲ್ಲ ಅಂದ್ರೆ ಅದು ಪಶ್ಚಾತ್ತಾಪ ಅಲ್ಲ. ಎಷ್ಟು ಜಪಸರ ಮಾಡಿದ್ರೂ ಆ ಜಾಗ ತುಂಬಲ್ಲ.

ಕೃಪೆ_ಸಾಕು:
ಆಂಟಿ ಹೇಳಿದ್ದು ಒಪ್ತೀನಿ, ಆದ್ರೆ ದುಡ್ಡು ಕೊಟ್ಟ ಮೇಲೇ ದೇವರು ಪ್ರೀತಿಸ್ತಾನೆ ಅಂತ ಮಾತ್ರ ಅಂದ್ಕೋಬೇಡಿ ಬ್ರದರ್. ನಾನು ದೇವರ ಮಗ ಅಂತ ಅಂದ್ಕೊಂಡೇ ಹೋಗಿ ಕೊಡಿ.

ಹುಬ್ಳಿ_ವಿಶ್ವಾಸಿ:
ವಿಲ್ ಇಲ್ಲ ಆಂಟಿ. ಹಳೇ ಬಾಡಿಗೆ ಎಲ್ಲಾ ಒಟ್ಟಿಗೆ ಕೊಡೋಕಾಗಲ್ಲ, ಮನೆ ಸಾಲ ಇದೆ. ಅಮ್ಮನೂ ಬೇಜಾರು ಮಾಡ್ಕೋತಾರೆ. ಮೊದಲು ಅಮ್ಮನ್ನ ಒಪ್ಪಿಸ್ಲಾ?

ಮಾರ್ಥಾ_ಆಂಟಿ:
ಬೇಡ. ಮೊದಲು ತಂಗಿಗೇ ಫೋನ್ ಮಾಡು, ಅವಳ ಗಂಡನಿಗಲ್ಲ, ಅವಳಿಗೆ. ತಪ್ಪಾಯ್ತು ಅನ್ನು, ಇಷ್ಟು ಬಾಕಿ ಇದೆ ಅಂತ ಲೆಕ್ಕ ಹೇಳು, ಈ ತಿಂಗಳ ಬಾಡಿಗೇಲಿ ಅವಳ ಪಾಲು ಹಾಕು, ಹಳೇದಕ್ಕೆ ಕಂತು ಕೇಳು. ಅಮ್ಮನ ಹತ್ರ ಆಮೇಲೆ ಇಬ್ರೂ ಕೂತು ಮಾತಾಡಿ, ಅವರ ಭಾಗಾನೂ ಸೇರಿಸಿ.