ಮಿರ್ಚಿ ಅಂಗಡಿಯಲ್ಲಿ ಐಪಿವಿ6

ಸಂಜೆ ಆರೂವರೆ. ಬಳ್ಳಾರಿ ರಾಯಲ್ ಸರ್ಕಲ್ ಕಡೆಯ ನಮ್ಮ ಮಾಮೂಲಿ ಅಂಗಡಿ. ಬಾಣಲೆಯಿಂದ ಮಿರ್ಚಿ ಇಳಿಯುತ್ತಿತ್ತು. ಕೇಬಲ್ ಮಾತ್ರ ತಟ್ಟೆ ಮುಟ್ಟದೆ ಫೋನಿನಲ್ಲಿ ಕಿರುಚುತ್ತಿದ್ದ.

"ಎರಡು, ನಾಲ್ಕು, ಸೊನ್ನೆ, ಐದು... ಆಮೇಲೆ ಕೋಲನ್... ಡಿ! ಡಿ ಅಂದ್ರೆ ದೋಸೆ! ಬದನೆಕಾಯಿ ಬಿ ಅಲ್ಲ!"

ಕೇಬಲ್ ಹಿಂದೆ ಕೇಬಲ್ ಟೀವಿ ನಡೆಸುತ್ತಿದ್ದ. ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್ನೆಟ್ ಕೊಡುತ್ತಾನೆ. ಹೆಸರು ಹಾಗೇ ಉಳಿಯಿತು. ಜೊತೆಗೆ ಪ್ಯಾಂಟ್ ಹೊಲಿಸುವ ಜೀನ್ಸ್, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು.

"ಅದೇನಲೇ, ಫೋನ್ ನಂಬರ್ ಇಷ್ಟುದ್ದ?" ಅಂದ ಜೀನ್ಸ್.

"ಫೋನ್ ನಂಬರ್ ಅಲ್ಲಪ್ಪ, ಹೊಸ ಐಪಿ ವಿಳಾಸ, ಐಪಿವಿ6. ಇಂಟರ್ನೆಟ್‌ನಲ್ಲಿ ಯಂತ್ರಕ್ಕೆ ಮನೆ ನಂಬರ್ ಇದ್ದ ಹಾಗೆ. ಪೂರಾ ಬರೆದರೆ 32 ಅಕ್ಷರ. ಹಳೇದೇ ಚೆನ್ನಾಗಿತ್ತು, ಹುಡುಗರಿಗೆ ಬಾಯಿಪಾಠ ಇತ್ತು."

"ಹಳೇದು ಇದ್ದದ್ದೇ ಸುಮಾರು 430 ಕೋಟಿ," ಅಂದರು ಮೇಷ್ಟ್ರು. "2011ರ ಫೆಬ್ರವರಿಯಲ್ಲೇ ಜಗತ್ತಿಗೆಲ್ಲ ವಿಳಾಸ ಹಂಚೋ ಮೇಲಿನ ಗೋದಾಮು ಖಾಲಿ. ಅಲ್ಲಿಂದ ಒಂದೇ ವಿಳಾಸ ಹತ್ತಾರು ಮನೆಗೆ ಹಂಚಿ ಕಾಲ ತಳ್ಳುತ್ತಿದ್ದೀರಿ."

"ವಠಾರದ ಹಾಗೆ," ಅಂದೆ ನಾನು. "ಬೀದಿಗೆ ಒಂದೇ ಬಾಗಿಲು, ಒಳಗೆ ಹತ್ತು ಸಂಸಾರ."

"ಹೌದು. ಹೊರಗಿನವನಿಗೆ ಒಳಗೆ ಯಾರಿದ್ದಾರೆ ಗೊತ್ತಾಗಲ್ಲ. ಜಾಗ ಸಾಲದೆ ಮಾಡಿಕೊಂಡದ್ದು. ಜನ ಅದನ್ನೇ ಬೀಗ ಅಂದುಕೊಂಡರು. ಈಗ ಪ್ರತಿ ಕೋಣೆಗೂ ಬೀದಿಗೇ ಬಾಗಿಲು."

ಜೀನ್ಸ್ ಮುಖ ಬಾಡಿತು. ಕಾರಣ ಇತ್ತು. ಹೋದ ತಿಂಗಳು ಕೇಬಲ್ ಅವನ ಹೊಲಿಗೆ ಶೆಡ್ಡಿಗೆ ಹೊಸ ವಿಳಾಸ ಆನ್ ಮಾಡಿ ಬಂದಿದ್ದ. ಹಳೇದಕ್ಕೆ ಹೊರಗಿನವರನ್ನು ತಡೆಯೋ ಫೈರ್‌ವಾಲ್ ಗಟ್ಟಿ ಇತ್ತು, ಹೊಸದಕ್ಕೆ ಹಾಕೋದು ಮರೆತಿದ್ದ. ಕ್ಯಾಮರಾ ಪಾಸ್‌ವರ್ಡ್ 1234. ಕ್ಯಾಮರಾ ಜೋಡಿಸಿಕೊಟ್ಟಿದ್ದ ಅಳಿಯ ಬೆಂಗಳೂರಿನಿಂದ ಸುಮ್ನೆ ಪರೀಕ್ಷೆ ಮಾಡಿದರೆ, ಡೆನಿಮ್ ರಾಶಿ ಮೇಲೆ ಮಾವ ಬಾಯಿ ತೆರೆದು ಮಲಗಿದ್ದು ನೇರ ಪ್ರಸಾರ.

"ಯಾರು ಹುಡುಕ್ತಾರೆ ಅಂದ್ಕೊಂಡೆ," ಅಂದ ಕೇಬಲ್. "ಒಂದು ಮನೆಗೇ 18ರ ಮುಂದೆ 18 ಸೊನ್ನೆಯಷ್ಟು ವಿಳಾಸ. ಒಂದೊಂದೇ ಬಾಗಿಲು ಬಡಿಯೋಕೆ ಜನ್ಮ ಸಾಲದು."

"ಹುಡುಕೋದ್ಯಾಕೆ?" ಅಂದರು ಮೇಷ್ಟ್ರು. "ಕ್ಯಾಮರಾನೇ ಹೊರಗೆ ಹೋಗಿ ಟೈಮ್ ಎಷ್ಟು ಅಂತ ಕೇಳುತ್ತೆ. ವಿಳಾಸ ಕೊಟ್ಟೇ ಕೇಳಬೇಕು, ಅಲ್ವಾ? ಇಂಟರ್ನೆಟ್‌ಗೆ ಸಿಕ್ಕಿಸಿದ ಯಂತ್ರಗಳನ್ನು ಹುಡುಕೋ ಶೋಡಾನ್ ಅನ್ನೋ ತಾಣ ತಾನೇ ಟೈಮ್ ಹೇಳೋ ಸರ್ವರ್ ಇಟ್ಟು, ಕೇಳಲು ಬಂದವರ ಬಾಗಿಲು ತಟ್ಟುತ್ತಿತ್ತು. 2016ರಲ್ಲಿ ಬಯಲಾಯಿತು."

"ಟೈಮ್ ಕೇಳಿದ್ದಕ್ಕೇ?" ಜೀನ್ಸ್ ಕೈಗಡಿಯಾರ ಮುಚ್ಚಿಕೊಂಡ.

ಕೇಬಲ್‌ಗೆ ಅವತ್ತಿನಿಂದ ಹೆದರಿಕೆ. ಹೊರಗಿನಿಂದ ಬರೋದೆಲ್ಲ ಬಂದ್ ಮಾಡಿಬಿಟ್ಟ, ದಾರಿಯ ತೊಂದರೆ ತಿಳಿಸೋ ಐಸಿಎಂಪಿ ಸಂದೇಶ ಕೂಡ. ಈಗ ಗಿರಾಕಿಗಳ ಫೋನು: ಮೆಸೇಜ್ ಹೋಗುತ್ತೆ, ದೊಡ್ಡ ಫೋಟೋ ಹಾಕಿದರೆ ಸುತ್ತುತ್ತಾ ಕೂರುತ್ತೆ.

ಮೇಷ್ಟ್ರು ಮಿರ್ಚಿ ಕೆಳಗಿಟ್ಟು ನಕ್ಕರು. "ಜೀನ್ಸ್, ನಿನ್ನ ಲಾರಿ ಅಂಡರ್‌ಪಾಸ್ ಹತ್ತಿರ ಬಂತು ಅನ್ನು. ಲೋಡು ಎತ್ತರ. ಹಳೇ ಪದ್ಧತಿಯಲ್ಲಿ ಅಲ್ಲೇ ಹಮಾಲರು ಇಳಿಸಿ ಎರಡು ಟಾಟಾ ಏಸ್‌ಗೆ ತುಂಬಬಹುದಿತ್ತು. ಹೊಸದರಲ್ಲಿ ದಾರಿಯಲ್ಲಿ ಗಂಟು ಬಿಚ್ಚೋ ಹಾಗಿಲ್ಲ. ಮಾಲು ಅಲ್ಲೇ ಎಸೆದು, ಒಬ್ಬ ಹುಡುಗನನ್ನು ನಿನ್ನ ಹತ್ತಿರ ಓಡಿಸ್ತಾರೆ. ಇಷ್ಟೇ ಎತ್ತರ ತುಂಬಿ ಕಳಿಸು ಅಂತ. ಆ ಹುಡುಗನೇ ಐಸಿಎಂಪಿ. ಸಾಹೇಬರು ಅವನನ್ನೇ ಗೇಟಲ್ಲಿ ನಿಲ್ಲಿಸಿದ್ದಾರೆ."

"ನಾನು ಗೊತ್ತಿಲ್ಲದೆ ಅದೇ ಲೋಡು ಮತ್ತೆ ಮತ್ತೆ ಕಳಿಸ್ತೀನಿ!"

"ಮಾಲು ಮುಟ್ಟಲ್ಲ, ಕಂಪ್ಲೇಂಟೂ ಬರಲ್ಲ."

"ಅದು ನನ್ನ ವ್ಯಾಪಾರದಲ್ಲಿ ದಿನಾ ಇದ್ದದ್ದೇ ಬಿಡ್ರಿ."

"ನಿಮ್ಮ ಲ್ಯಾಬ್ ಕಥೆ ಹೇಳ್ರಿ ಮೇಷ್ಟ್ರೇ," ಕೇಬಲ್ ಸೇಡು ತೀರಿಸಿಕೊಂಡ. ಅವರಲ್ಲಿ ಒಬ್ಬ ಹುಡುಗ ಮನೆಯಿಂದ ಹಳೇ ವೈಫೈ ಡಬ್ಬಿ ತಂದು ಸಿಕ್ಕಿಸಿದ್ದನಂತೆ. ಅದು "ಇಂಟರ್ನೆಟ್‌ಗೆ ನಾನೇ ದಾರಿ" ಅಂತ ಸಾರತೊಡಗಿತು. ಬಸ್ ಸ್ಟ್ಯಾಂಡಲ್ಲಿ "ಹೊಸಪೇಟೆ ಹೊಸಪೇಟೆ" ಅಂತ ಕೂಗಿದವನ ಗಾಡಿ ಹತ್ತಿದ ಹಾಗೆ ಕಂಪ್ಯೂಟರೆಲ್ಲ ಅದನ್ನೇ ಹತ್ತಿ ಕೂತವು. ಗಾಡಿಗೆ ಎಂಜಿನ್ನೇ ಇರಲಿಲ್ಲ.

"ಕಂಪ್ಯೂಟರ್‌ಗಳನ್ನು ಜೋಡಿಸೋ ಸ್ವಿಚ್ಚಿನಲ್ಲಿ ಇಂಥ ಸುಳ್ಳು ಕೂಗು ತಡೆಯೋಕೆ ಆರ್‌ಎ ಗಾರ್ಡ್ ಅಂತ ಇದೆ. ನಾನೇ ಪಾಠ ಮಾಡಿದ್ದೆ," ಅಂದರು ಮೇಷ್ಟ್ರು. "ಆನ್ ಮಾಡಿರಲಿಲ್ಲ."

ಕೇಬಲ್ ಮತ್ತೆ ಫೋನ್ ಎತ್ತಿದ. "ಲೇ, ಆ ಹುಡುಗನನ್ನ ಒಳಗೆ ಬಿಡು. ಯಾವ ಹುಡುಗ ಅಂದ್ರೆ... ಐಸಿಎಂಪಿ ಕಣೋ! ಐ! ಐ ಅಂದ್ರೆ ಇಡ್ಲಿ!"

ಅವನ ಮಿರ್ಚಿ ಆರಿತ್ತು. ಜೀನ್ಸ್ ಅದನ್ನೂ ತಿಂದ.