ಕ್ಯಾತ್ಸಂದ್ರದ ಫ್ರಿಜ್ಜು

(ತುಮಕೂರಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಿಂದ)

ಭಾವ: [ಬೇರೆ ಗುಂಪಿನಿಂದ ಬಂದ ಚಿತ್ರ] “ಹಳೆಯ ಫ್ರಿಜ್, ಟಿ.ವಿ., ವಾಷಿಂಗ್ ಮೆಷಿನ್‌ಗೆ ಮನೆ ಬಾಗಿಲಲ್ಲೇ ನಗದು. ಸರ್ಕಾರಿ ಪರವಾನಗಿ ಪಡೆದವರು.”

ಭಾವ: ಕ್ಯಾತ್ಸಂದ್ರದ ಅಜ್ಜಿ ಮನೆಯ ಫ್ರಿಜ್ಜಿಗೆ 1,200 ರೂಪಾಯಿ ಕೊಡುತ್ತಾರಂತೆ. ಭಾನುವಾರ ಬರಹೇಳಲೇ?

ಚಿಕ್ಕಮ್ಮ: ಹೇಳಿಬಿಡಿ. ಕೆಟ್ಟು ಮೂರು ವರ್ಷವಾಯಿತು, ಹಜಾರದಲ್ಲಿ ಅಡ್ಡ ನಿಂತಿದೆ.

ನಾನು: ಸ್ವಲ್ಪ ತಾಳಿ. ಚಿತ್ರದ ಕೆಳಗಿರುವ ‘ಪರವಾನಗಿ ಸಂಖ್ಯೆ’ ನೋಡಿದಿರಾ? ಅಂಕಿ, ಅಕ್ಷರ ಸೇರಿ ಒಟ್ಟು ಹದಿನೈದು, ಆರಂಭ 29. ಅದು ಜಿಎಸ್‌ಟಿ ಸಂಖ್ಯೆ. ಬಟವಾಡಿಯ ಬೇಕರಿಗೂ ಅಂಥದ್ದೇ ಇರುತ್ತದೆ.

ಭಾವ: ತೆರಿಗೆ ಕಟ್ಟುವವನು ಕಳ್ಳನಲ್ಲವಲ್ಲ.

ನಾನು: ಕಳ್ಳ ಎಂದು ನಾನೆಲ್ಲಿ ಹೇಳಿದೆ? 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಜೊತೆಗೆ ರಾಜ್ಯ ಮಂಡಳಿಯ ಸಮ್ಮತಿ ಪತ್ರವೂ ಬೇಕು. ಈ ಚಿತ್ರದವರ ಹೆಸರು ಪೋರ್ಟಲ್‌ನ ಪಟ್ಟಿಯಲ್ಲಿ ಸಿಗಲಿಲ್ಲ.

ಚಿಕ್ಕಮ್ಮ: ಒಂದು ಫ್ರಿಜ್ಜಿಗೆ ಇಷ್ಟು ಪುರಾಣವೇ!

ನಾನು: ಅದು 1996ರದು. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಆರ್-12 ಎಂದಿದೆ, ತಂಪು ಮಾಡಲು ತುಂಬಿದ, ಓಝೋನ್ ಪದರ ತಿನ್ನುವ ಅನಿಲ. ಗುಜರಿಯವನಿಗೆ ಬೇಕಾದದ್ದು ಕಂಪ್ರೆಸರ್‌ನ ತಾಮ್ರ. ಕಟಿಂಗ್ ಪ್ಲೇಯರ್‌ನಲ್ಲಿ ಕೊಳವೆ ಕತ್ತರಿಸುತ್ತಾನೆ, ಬುಸ್ಸೆಂದು ಹೋಗುತ್ತದೆ. ನೂರು ಗ್ರಾಂ ಹೋದರೆ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ತಾಪ. ಅದಲ್ಲದೆ ಗೋಡೆಯೊಳಗಿನ ನೊರೆಯಲ್ಲೂ ಅದೇ ಜಾತಿಯ ಅನಿಲ.

ದೊಡ್ಡಪ್ಪ: ಪಟ್ಟಿಯಲ್ಲಿರುವವನು ಕತ್ತರಿಸುವುದಿಲ್ಲ ಎಂದು ಹೇಗೆ ನಂಬುತ್ತೀಯ? ನಾನಿದ್ದ ಕಾರ್ಖಾನೆಗೆ ತಪಾಸಣೆಯವರು ಬರುವ ದಿನ ವಾರ ಮೊದಲೇ ತಿಳಿಯುತ್ತಿತ್ತು. ಸುಣ್ಣ ಹೊಡೆದು, ಎಣ್ಣೆ ಡ್ರಮ್ಮುಗಳನ್ನು ಹಿಂದಿನ ಶೆಡ್ಡಿಗೆ ಉರುಳಿಸುತ್ತಿದ್ದೆವು. ಅವರು ಕಾಫಿ ಕುಡಿದು, ಗೋಡೆಯ ಮೇಲಿನ ಪ್ರಮಾಣಪತ್ರ ಓದಿಕೊಂಡು ಹೋಗುತ್ತಿದ್ದರು.

ಭಾವ: 😂

ನಾನು: ದೊಡ್ಡಪ್ಪ, ನಿಮ್ಮ ಅನುಮಾನಕ್ಕೆ ನಾನೇ ಬಲ ಕೊಡುತ್ತೇನೆ. ಇಷ್ಟು ಮರುಬಳಕೆ ಮಾಡಿದ್ದೇವೆ ಎಂದು ಮರುಬಳಕೆ ಘಟಕದವರು ತಯಾರಕ ಕಂಪನಿಗಳಿಗೆ ಮಾರುವ ಪ್ರಮಾಣಪತ್ರಕ್ಕೆ ಲೆಕ್ಕ ಹಿಡಿಯುವುದು ಚಿನ್ನ, ತಾಮ್ರ, ಅಲ್ಯುಮಿನಿಯಂ, ಕಬ್ಬಿಣ. ಹಿಡಿದಿಟ್ಟ ಅನಿಲಕ್ಕೆ ಅದರಲ್ಲಿ ಬೆಲೆಯಿಲ್ಲ. ಅದಕ್ಕೇ ತಪಾಸಣೆಯವರು ಮೊದಲೇ ಹೇಳದೆ ಹೋಗಿ ನೋಡಬೇಕು. ಅನಿಲ ಹೀರುವ ಯಂತ್ರ ಓಡುತ್ತಿದೆಯೇ, ಒಳಗೆ ಬಂದ ಫ್ರಿಜ್ಜುಗಳಿಗೂ ಸಿಲಿಂಡರಿನ ತೂಕಕ್ಕೂ ತಾಳೆಯಾಗುತ್ತದೆಯೇ ಎಂದು. ಗೋಡೆಯ ಕಾಗದದಲ್ಲಿ ಅದು ಕಾಣುವುದಿಲ್ಲ.

ದೊಡ್ಡಪ್ಪ: ಈಗ ದಾರಿಗೆ ಬಂದೆ.

ಚಿಕ್ಕಮ್ಮ: ಪಟ್ಟಿಯವರು 1,200 ಕೊಡುತ್ತಾರೆಯೇ?

ನಾನು: ಕೊಡಲಿಕ್ಕಿಲ್ಲ. ಸರಿಯಾಗಿ ಅನಿಲ ತೆಗೆಯುವವನಿಗೆ ಯಂತ್ರ, ಕರೆಂಟು, ಕೂಲಿ ಎಲ್ಲ ಖರ್ಚು. ಗಾಳಿಗೆ ಬಿಡುವವನಿಗೆ ಖರ್ಚೇ ಇಲ್ಲ. ಅವನು ಕೊಡುವ ಹೆಚ್ಚಿನ ಹಣ ಬರುವುದು ಅಲ್ಲಿಂದಲೇ.

ಭಾವ: ಸರಿ, ಪಟ್ಟಿಯಲ್ಲಿರುವ ಯಾರಿಗಾದರೂ ನೀನೇ ಫೋನ್ ಮಾಡು. ಅನಿಲ ತೆಗೆಯುವುದನ್ನು ನೋಡಲು ಬಿಡುತ್ತಾರೆಯೇ ಎಂದೂ ಕೇಳು. ನಾನೂ ಬರುತ್ತೇನೆ.

ಚಿಕ್ಕಮ್ಮ: ಪೆಟ್ರೋಲ್ ಯಾರ ಲೆಕ್ಕ?

ಅಜ್ಜಿ: ನನ್ನನ್ನು ಒಬ್ಬರಾದರೂ ಕೇಳಿದಿರಾ? ಅದರೊಳಗೆ ಈ ವರ್ಷದ ಹುಣಸೆಹಣ್ಣು ತುಂಬಿಟ್ಟಿದ್ದೇನೆ. ಇಲಿಯ ಕಾಟವಿಲ್ಲದ ಜಾಗ ಮನೆಯಲ್ಲಿ ಅದೊಂದೇ.